ಊರಿನ ಹೋಟೆಲಿಗೆ ಹೋಗುವ ಹೊತ್ತು

ಬೆಂಗಳೂರಿನಲ್ಲಿರುವ ಮಂಗಳೂರಿನವರಿಗೆ ಒಂದು ಕೆಲಸ ತಪ್ಪುವುದೇ ಇಲ್ಲ. ಯಾರಾದರೂ ನಮ್ಮೂರ ಕಡೆ ಹೊರಟರೆ ಸಾಕು, "ಎಲ್ಲಿ ಊಟ ಮಾಡ್ಬೇಕು, ಒಂದು ಲಿಸ್ಟ್ ಕಳಿಸು" ಅಂತ ಮೆಸೇಜ್ ಬರುತ್ತದೆ. ನನ್ನ ಫೋನಿನಲ್ಲಿ ಆ ಪಟ್ಟಿ ಯಾವಾಗಲೂ ರೆಡಿ ಇರುತ್ತದೆ. ಬಂದರಿನ ನಾರಾಯಣ, ರಥಬೀದಿ ಹತ್ತಿರದ ಗಿರಿಮಂಜಾಸ್, ಕೊಡಿಯಾಲ್‌ಬೈಲಿನ ನ್ಯೂ ತಾಜ್‌ಮಹಲ್ ಕೆಫೆ, ಐಡಿಯಲ್ ಐಸ್‌ಕ್ರೀಮು, ಎರಡು ಮೂರು ಬಾರು. ಕಳೆದ ಮಳೆಗಾಲದಲ್ಲಿ ಆಫೀಸಿನ ಗೆಳತಿಯೊಬ್ಬಳು ಅದನ್ನು ಹಿಡಿದುಕೊಂಡು ಹೋಗಿ ಬಂದಳು. ನನಗೆ ಬೇಸರ ಆಗಬಾರದೆಂದು ಮೆತ್ತಗೆ ಹೇಳಿದಳು: "ಚೆನ್ನಾಗಿತ್ತು ಕಣೇ. ಆದ್ರೆ ನೀನು ಹೇಳುವಷ್ಟೇನೂ ಇಲ್ಲ." ಯಾವಾಗ ಹೋಗಿದ್ದೆ, ಏನು ತಿಂದೆ ಅಂತ ಕೇಳಿದೆ. ಜೂನ್ ತಿಂಗಳು. ಮಧ್ಯಾಹ್ನ ಮೂರು ಗಂಟೆಗೆ ಅಂಜಲ್ ಮೀನಿನ ರವಾ ಫ್ರೈ. ಗೋಳಿಬಜೆ ಸಿಕ್ಕಿದ್ದು ಆರಿಹೋಗಿತ್ತಂತೆ.

ಅವಳ ಮಾತು ತುಂಬ ದಿನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅವಳು ಹೋಗಿದ್ದು ನಾನು ಹೋಗುವ ಜಾಗಗಳಿಗೇ. ಕೂತಿದ್ದೂ ಅಂಥದ್ದೇ ಬೆಂಚಿನ ಮೇಲೆ. ಆದರೂ ನನಗೆ ಸಿಗುವ ಊಟ ಅವಳಿಗೆ ಸಿಗಲಿಲ್ಲ. ಊರಲ್ಲೇ ಬೆಳೆದವರಿಗೆ ಗೊತ್ತೇ ಆಗದ ಹಾಗೆ ಒಂದು ಲೆಕ್ಕ ಒಳಗೆ ಕೂತಿರುತ್ತದೆ. ಈ ತಿಂಗಳು ಇದನ್ನು ತಿನ್ನಬಾರದು, ಈ ಹೊತ್ತಿಗೆ ಅಲ್ಲಿಗೆ ಹೋಗಬಾರದು, ಇವತ್ತು ಸೋಮವಾರ ಅಲ್ವಾ, ಹಾಗಾದರೆ ಬೇಡ. ನಾವು ಪಟ್ಟಿ ಬರೆಯುವಾಗ ಹೆಸರು ಬರೆಯುತ್ತೇವೆ. ಈ ಲೆಕ್ಕ ಮಾತ್ರ ನಮ್ಮ ಹತ್ತಿರವೇ ಉಳಿಯುತ್ತದೆ.

ಕಡಲಿಗೆ ರಜೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಒಟ್ಟು 61 ದಿನ. ಹಲವು ಜಾತಿಯ ಮೀನು ಮೊಟ್ಟೆ ಇಡುವ ಕಾಲ ಅದು. ಕಡಲೂ ಆಗ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಬೋಟು ಕಟ್ಟುವ ದಕ್ಕೆಗೆ ಹೋದರೆ ಅವು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಬಲೆ ಹೊಲಿಯುವವರು, ಬಣ್ಣ ಬಳಿಯುವವರು, ಇಂಜಿನ್ ಬಿಚ್ಚಿ ಕೂತವರು ಬಿಟ್ಟರೆ ಗದ್ದಲವೇ ಇಲ್ಲ. ನಾಡದೋಣಿಯವರಿಗೆ ಅವಕಾಶ ಉಂಟು, ಆದರೆ ಗಾಳಿ ಬಿಟ್ಟುಕೊಟ್ಟ ದಿನ ಮಾತ್ರ. ಪೂರ್ವ ಕರಾವಳಿಯ ರಜೆ ಬೇರೆ. ಅದು ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಜೂನ್ ಅರ್ಧ ದಾಟಿದ ಮೇಲೆ ನಮ್ಮ ಹೋಟೆಲುಗಳಲ್ಲಿ ಸಿಗುವ ದೊಡ್ಡ ಮೀನು ಎಷ್ಟೋ ಸಲ ಆ ಕಡೆಯಿಂದ ಐಸಿನಲ್ಲಿ ಕೂತು ಬಂದದ್ದು. ಇಲ್ಲದಿದ್ದರೆ ಮೇ ತಿಂಗಳಲ್ಲೇ ಹಿಡಿದು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟದ್ದು. ನನ್ನ ಗೆಳತಿ ತಿಂದ ಅಂಜಲ್ ಬಹುಶಃ ಅಂಥದ್ದೇ.

ಬಂದರಿನ ಗಲ್ಲಿಯೊಳಗೆ ನಾನು ಹೋಗುವ ಒಂದು ಪುಟ್ಟ ಹೋಟೆಲಿದೆ. ಹೊರಗೆ ಸರಿಯಾದ ಬೋರ್ಡೂ ಇಲ್ಲ. ಒಂದು ವರ್ಷ ಜೂನ್ ಕೊನೆಗೆ ಊರಿಗೆ ಹೋದವಳು ಬಸ್ಸಿಳಿದ ದಿನವೇ ಅಲ್ಲಿಗೆ ಓಡಿದ್ದೆ. ಮಳೆ ಎಂಥದ್ದು ಅಂದರೆ ಕೊಡೆ ಹಿಡಿದೂ ಸೊಂಟದವರೆಗೆ ಒದ್ದೆ. ಕ್ಯಾಶಿನಲ್ಲಿ ಕೂತಿದ್ದ ಮಾಲಕರು ಎಂದಿನಂತೆ ತುಳುವಿನಲ್ಲಿ ಶುರು ಮಾಡಿದರು: "ಏಪ ಬತ್ತಿನಿ? ಏಪ ಪೋಪಿನಿ?" ಬಂದದ್ದು ಯಾವಾಗ, ಹೋಗುವುದು ಯಾವಾಗ. ಊರಿನಲ್ಲಿ ಎಲ್ಲರೂ ಕೇಳುವುದು ಈ ಎರಡೇ ಪ್ರಶ್ನೆ. ನಾನು ಕಾಣೆ ಮೀನು ಇದೆಯಾ ಅಂದೆ. ಅವರು ಒಳಗೆ ಒಂದು ಸಲ ನೋಡಿ, ನನ್ನ ಕಡೆ ತಿರುಗಿ, ಧ್ವನಿ ಇಳಿಸಿ ಹೇಳಿದರು: "ಉಂಟು. ಆದರೆ ಇವತ್ತು ಮೀನು ಬೇಡ ಅಕ್ಕ. ನೀವು ದೂರದಿಂದ ಬಂದದ್ದು, ಅದನ್ನು ನಿಮಗೆ ಕೊಡ್ಲಿಕ್ಕೆ ನನಗೆ ಮನಸ್ಸಿಲ್ಲ."

ಬದಲಿಗೆ ಕೊಟ್ಟದ್ದು ಕುಚ್ಚಲಕ್ಕಿ ಗಂಜಿ, ಸುಟ್ಟ ಒಣ ಬಂಗುಡೆ, ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿ, ಮತ್ತೆ ಒಣ ಸಿಗಡಿ ಚಟ್ನಿ. ಆ ಚಟ್ನಿ ಮಾಡುವುದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಅಲ್ಲಿ ಕೆಲಸ ಮಾಡುವ ಅಮ್ಮ ಒಣ ಸಿಗಡಿಯ ತಲೆ, ಬಾಲ ಉಗುರಿನಲ್ಲೇ ಚಿವುಟಿ ತೆಗೆದರು. ಎಣ್ಣೆ ಹಾಕದೆ ಕಾವಲಿಯಲ್ಲಿ ಹುರಿದರು. ಗರಿಗರಿ ಸದ್ದು ಬರುವವರೆಗೆ ಸೌಟು ಆಡಿಸುತ್ತಲೇ ಇದ್ದರು. ತೆಂಗಿನತುರಿ, ಸುಟ್ಟ ಬ್ಯಾಡಗಿ ಮೆಣಸು, ಹುಣಸೆ, ಉಪ್ಪು ಸೇರಿಸಿ ನೀರು ಮುಟ್ಟಿಸದೆ ತರಿತರಿಯಾಗಿ ಅರೆದರು. ಕೊನೆಗೆ ಸಿಗಡಿ ಹಾಕಿ ಒಂದೇ ಒಂದು ಸುತ್ತು. ಮೇಲೆ ಹಸಿ ಈರುಳ್ಳಿ, ಎರಡು ಹನಿ ತೆಂಗಿನೆಣ್ಣೆ. ಸಿಗಡಿ ಪೂರ್ತಿ ಪುಡಿ ಆಗಬಾರದು, ಹಲ್ಲಿಗೆ ಸಿಗಬೇಕು ಅಂದರು. ಆ ಮಧ್ಯಾಹ್ನ ತಿಂದ ಗಂಜಿಯ ರುಚಿ ಈಗಲೂ ಬಾಯಲ್ಲಿ ಇದೆ. ಕಡಲು ಮುಚ್ಚಿದ ತಿಂಗಳಲ್ಲಿ ಕರಾವಳಿಯವರು ಏನು ತಿನ್ನುತ್ತಿದ್ದರೋ ಅದನ್ನೇ ತಿಂದೆ. ಇಲ್ಲ ಅಂತ ಹೇಳುವ ಹೋಟೆಲನ್ನು ನಂಬಬೇಕು ಎಂಬುದು ನನಗೆ ಗಟ್ಟಿಯಾದದ್ದೂ ಅಂದೇ. ಕೈಯಲ್ಲಿದ್ದ ವ್ಯಾಪಾರ ಬಿಟ್ಟುಕೊಟ್ಟು ಗಿರಾಕಿಯ ಬಾಯಿ ಕಾಪಾಡುವವರು ಎಲ್ಲ ಕಡೆ ಸಿಗುವುದಿಲ್ಲ.

ಜುಲೈಯಲ್ಲಿ ತುಳುವರ ಆಟಿ ತಿಂಗಳು ಬರುತ್ತದೆ. ಕೆಸುವಿನ ಎಲೆಯ ಪತ್ರೊಡೆ, ಕಣಿಲೆ ಅನ್ನುವ ಎಳೆ ಬಿದಿರು, ತಜಂಕ್ ಸೊಪ್ಪು, ಹಲಸಿನ ಬೀಜ. ಆಗ ಊರಿಗೆ ಹೋಗುವವರು ಮೀನಿನ ಆಸೆ ಬಿಟ್ಟು ಇವನ್ನು ಹುಡುಕಿಕೊಂಡು ಹೋಗಬೇಕು. ಯಾರದಾದರೂ ಮನೆಗೆ ಊಟಕ್ಕೆ ಕರೆದರೆ ಹೋಟೆಲಿನ ಆಲೋಚನೆಯೇ ಬೇಡ.

ದೊಡ್ಡ ಮೀನು, ಸಣ್ಣ ಮೀನು

ಹೊರಗಿನಿಂದ ಬಂದವರು ಮೊದಲು ಕೇಳುವುದು ಅಂಜಲ್, ಇಲ್ಲವೇ ಪಾಂಪ್ಲೆಟ್. ದುಬಾರಿ ಮೀನು, ಮುಳ್ಳಿನ ಕಾಟ ಕಡಿಮೆ, ಹೆಸರೂ ಜಾಸ್ತಿ. ನನಗೆ ಇದರಲ್ಲಿ ಒಂದು ತಕರಾರು ಇದೆ. ಆಳ ಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು ಒಂದು ಸಲ ಹೊರಟರೆ ವಾರ, ಕೆಲವೊಮ್ಮೆ ಅದಕ್ಕೂ ಜಾಸ್ತಿ ದಿನ ಕಡಲಲ್ಲೇ ಇರುತ್ತದೆ. ಮೊದಲ ದಿನ ಬಲೆಗೆ ಬಿದ್ದ ಮೀನು ದಡ ಸೇರುವಾಗ ವಾರದ ಐಸು ತಿಂದಿರುತ್ತದೆ. ಬಂಗುಡೆ, ಬೂತಾಯಿಯಂಥ ಸಣ್ಣ ಮೀನಿಗೆ ಹೋಗುವ ಪರ್ಸೀನ್ ಬೋಟುಗಳು, ನಾಡದೋಣಿಗಳು ಸಾಮಾನ್ಯವಾಗಿ ಹೋದ ದಿನವೇ ವಾಪಸು. ಅಂದರೆ ಮೀನೂಟದ ಹೋಟೆಲಿನಲ್ಲಿ ಅತಿ ಕಡಿಮೆ ಬೆಲೆಯ ಮೀನೇ ಎಷ್ಟೋ ಸಲ ಅತಿ ತಾಜಾ ಮೀನು. ನಮ್ಮ ಮನೆಯಲ್ಲಿ ಬೂತಾಯಿಯ ಹುಳಿಖಾರದ ಪುಳಿಮುಂಚಿಗೆ ಇದ್ದ ಮರ್ಯಾದೆ ಅಂಜಲಿಗೆ ಯಾವತ್ತೂ ಇರಲಿಲ್ಲ.

ನಾರಾಯಣದ ಬಗ್ಗೆ ಎಲ್ಲರಿಗೂ ಗೊತ್ತು, ಜಾಸ್ತಿ ಹೇಳುವುದಿಲ್ಲ. ಹುರಿದ ಮೀನನ್ನು ತಟ್ಟೆಯಲ್ಲಿಟ್ಟುಕೊಂಡು ಟೇಬಲಿನ ಹತ್ತಿರವೇ ತರುತ್ತಾರಲ್ಲ, ಆ ಪದ್ಧತಿ ನನಗೆ ತುಂಬ ಇಷ್ಟ. ಕಾರ್ಡು ನೋಡಿ ಆರಿಸುವುದಲ್ಲ, ಮೀನನ್ನೇ ನೋಡಿ ಬೆರಳು ತೋರಿಸುವುದು. ಇವತ್ತು ಬಂದದ್ದೇನೋ ಅದು ಆ ತಟ್ಟೆಯಲ್ಲಿರುತ್ತದೆ, ಬಾರದ್ದು ಇರುವುದಿಲ್ಲ. ಅದಕ್ಕೇ ಹನ್ನೆರಡೂವರೆಗೆ ಹೋಗಬೇಕು ಅನ್ನುವುದು. ಆಗ ಎಲ್ಲ ಬಗೆಯೂ ಇರುತ್ತದೆ, ಎಲ್ಲವೂ ಕಾವಲಿಯಿಂದ ಆಗಷ್ಟೇ ಇಳಿದದ್ದು. ಎರಡು ದಾಟಿದರೆ ಉಳಿದದ್ದನ್ನು ತಿನ್ನಬೇಕಾಗುತ್ತದೆ. ಊಟ ಬಡಿಸುವವರು "ಬೆಳ್ತಿಗೆಯಾ, ಕುಚ್ಚಲಾ?" ಅಂತ ಕೇಳಿದರೆ ಕುಚ್ಚಲು ಅನ್ನಿ. ಮೀನು ಗಸಿಯನ್ನು ಹಿಡಿದು ನಿಲ್ಲಿಸುವ ಶಕ್ತಿ ಇರುವುದು ಆ ದಪ್ಪ ಕೆಂಪು ಅಗುಳಿಗೆ. ಬೆಳ್ತಿಗೆಯ ಬಿಳಿ ಅನ್ನದಲ್ಲಿ ಗಸಿ ಕೆಳಗಿಳಿದು ಬಟ್ಟಲಿನ ಅಂಚಿಗೆ ಹೋಗಿ ನಿಲ್ಲುತ್ತದೆ.

ಬನ್ಸು ಬೆಳಿಗ್ಗೆ, ಗೋಳಿಬಜೆ ನಾಲ್ಕಕ್ಕೆ

ಬನ್ಸಿನ ಹಿಟ್ಟನ್ನು ರಾತ್ರಿಯೇ ಕಲಸಿಡುತ್ತಾರೆ. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸಕ್ಕರೆ, ಜೀರಿಗೆ. ಬೆಳಿಗ್ಗೆ ಮೊದಲ ಎಣ್ಣೆಯಲ್ಲಿ ಕರಿದದ್ದು ಒಳಗೆ ಜಾಳಿಜಾಳಿಯಾಗಿ, ಬೆರಳು ಒತ್ತಿದರೆ ತಗ್ಗಿ ಮತ್ತೆ ಏಳುತ್ತದೆ. ಸಿಹಿ ಬನ್ಸಿಗೆ ಖಾರದ ಕಾಯಿಚಟ್ನಿ ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ಒಂದು ಸಲ ತಿಂದವರು ಕೇಳುವುದಿಲ್ಲ. ಗೋಳಿಬಜೆಯ ಕಥೆ ಬೇರೆ. ಮೈದಾ, ಹುಳಿ ಮೊಸರು, ಶುಂಠಿ, ಹಸಿಮೆಣಸು, ತೆಂಗಿನಕಾಯಿ ಚೂರು ಹಾಕಿ ಕಲಸಿ ಕೆಲವು ಗಂಟೆ ಬಿಟ್ಟ ಹಿಟ್ಟು ಸಂಜೆಯ ಹೊತ್ತಿಗೆ ಸರಿಯಾಗಿ ಹುಳಿ ಬಂದಿರುತ್ತದೆ. ಎಣ್ಣೆಗೆ ಬಿಟ್ಟ ಉಂಡೆ ತಾನಾಗಿ ಉರುಳಬೇಕು. ಅದರ ಆಯುಸ್ಸು ಹತ್ತು ನಿಮಿಷ. ಆಮೇಲೆ ಬರೀ ಮೈದಾ ಉಂಡೆ.

ತಾಜ್‌ಮಹಲಿನಲ್ಲಿ ನಾಲ್ಕು ಗಂಟೆಗೆ ಕೂತರೆ ಸುತ್ತಲಿನ ಟೇಬಲುಗಳೆಲ್ಲ ಅದಕ್ಕೇ ಕಾಯುತ್ತಿರುತ್ತವೆ. ಕಪ್ಪು ಕೋಟಿನ ವಕೀಲರು, ಬ್ಯಾಂಕಿನಿಂದ ನಿವೃತ್ತರಾದವರು, ಆಸ್ಪತ್ರೆಗೆ ಬಂದ ಪರ ಊರಿನವರು. ಒಳಗಿನಿಂದ ಬಿಸಿ ತಟ್ಟೆಗಳು ಒಟ್ಟಿಗೇ ಹೊರಡುತ್ತವೆ. ಐದು ನಿಮಿಷ ಯಾರೂ ಮಾತಾಡುವುದಿಲ್ಲ. ಈ ಕಾಯುವಿಕೆ ಇಲ್ಲದೆ ಗೋಳಿಬಜೆ ತಿಂದರೆ ಅರ್ಧ ಮಾತ್ರ ತಿಂದ ಹಾಗೆ ಅಂತ ನನಗೆ ಅನ್ನಿಸುತ್ತದೆ.

ಬಾರಿನ ಫ್ಯಾಮಿಲಿ ರೂಮು

ಬೆಂಗಳೂರಿನ ಗೆಳತಿಯರು ನಂಬದ ವಿಷಯ ಒಂದಿದೆ. ನಾನು ಚಿಕ್ಕವಳಿದ್ದಾಗ ಅಪ್ಪ ಅಮ್ಮನ ಜೊತೆ ಬಾರಿಗೆ ಹೋಗುತ್ತಿದ್ದೆ. ಮಂಗಳೂರಿನಲ್ಲಿ ಇದರಲ್ಲಿ ವಿಶೇಷ ಏನೂ ಇಲ್ಲ. ನಮ್ಮ ಕಡೆ ಬಾರ್ ಅಂಡ್ ರೆಸ್ಟೋರೆಂಟ್ ಅಂದರೆ ಮೀನು, ಕೋಳಿ ಚೆನ್ನಾಗಿ ಸಿಗುವ ಜಾಗ. ಕುಡಿಯುವವರು ಮುಂದಿನ ದೊಡ್ಡ ಹಾಲ್‌ನಲ್ಲಿ ಕೂರುತ್ತಾರೆ. ಮನೆಮಂದಿ ಬಂದರೆ ಪಕ್ಕದ ಬಾಗಿಲಿನಿಂದ ಫ್ಯಾಮಿಲಿ ರೂಮಿಗೆ. ಪ್ಲೈವುಡ್ ಗೋಡೆಯ ಪುಟ್ಟ ಕ್ಯಾಬಿನು, ಮಾಸಿದ ಹಸಿರು ಪರದೆ, ಗೋಡೆಯಲ್ಲಿ ಕರೆಗಂಟೆಯ ಸ್ವಿಚ್ಚು. ಆ ಸ್ವಿಚ್ಚು ಒತ್ತುವ ಹಕ್ಕಿಗಾಗಿ ನಾನೂ ತಮ್ಮನೂ ಜಗಳ ಆಡುತ್ತಿದ್ದೆವು. ಅಪ್ಪನಿಗೆ ಸಂಬಳವಾದ ವಾರದ ಶನಿವಾರ. ಅಪ್ಪನಿಗೆ ಒಂದು ಬಿಯರು, ಅಮ್ಮನಿಗೆ ಲಿಂಬೆ ಸೋಡಾ, ನಮಗೆ ಬಣ್ಣದ ಜ್ಯೂಸು. ಮೊದಲು ಬರುತ್ತಿದ್ದದ್ದು ಬೇಯಿಸಿದ ನೆಲಗಡಲೆ, ಮುಳ್ಳುಸೌತೆ ಹೋಳು. ಆಮೇಲೆ ಕೋರಿ ಸುಕ್ಕ, ನೀರುದೋಸೆ. ಎಲ್ಲಕ್ಕಿಂತ ಕೊನೆಗೆ, ಅಮ್ಮನ ಅಪ್ಪಣೆಯ ಮೇಲೆ, ಕಾಣೆ.

ಅಮ್ಮ ಆ ಕಾಣೆಯನ್ನು ಪರೀಕ್ಷೆ ಮಾಡುತ್ತಿದ್ದ ರೀತಿ ಈಗಲೂ ಕಣ್ಣ ಮುಂದೆ ಇದೆ. ಸ್ಟೀಲಿನ ಉದ್ದ ತಟ್ಟೆಯಲ್ಲಿ ಮೀನು ಇಡಿಯಾಗಿ ಮಲಗಿರುತ್ತಿತ್ತು. ಪಕ್ಕದಲ್ಲಿ ಈರುಳ್ಳಿ, ಲಿಂಬೆ ಹೋಳು. ಅಮ್ಮ ಲಿಂಬೆ ಮುಟ್ಟುತ್ತಿರಲಿಲ್ಲ. ತಲೆಯ ಕೆಳಗೆ ಹೆಬ್ಬೆರಳು ಇಟ್ಟು, ನಡುಮುಳ್ಳಿನ ಗುಂಟ ಬಾಲದವರೆಗೆ ಮೆಲ್ಲಗೆ ಎಳೆಯುತ್ತಿದ್ದಳು. ಒಂದು ಬದಿಯ ಮಾಂಸ ಮುರಿಯದೆ ಇಡಿಯಾಗಿ ಬಿಟ್ಟು ಬಂದರೆ "ಇವತ್ತಿಂದು" ಅನ್ನುತ್ತಿದ್ದಳು. ಪುಡಿಪುಡಿಯಾಗಿ ಮುಳ್ಳಿಗೆ ಅಂಟಿಕೊಂಡರೆ ಏನೂ ಹೇಳುತ್ತಿರಲಿಲ್ಲ. ತಟ್ಟೆಯನ್ನು ಅಪ್ಪನ ಕಡೆ ತಳ್ಳಿ, ನೀರುದೋಸೆ ಮುಂದುವರಿಸುತ್ತಿದ್ದಳು. ವೇಟರ್ ಪರದೆ ಸರಿಸಿ ನಿಂತು ಅಮ್ಮನ ಮುಖವನ್ನೇ ನೋಡುತ್ತಿದ್ದ. ಅವನಿಗೂ ಗೊತ್ತಿತ್ತು, ಆ ಟೇಬಲಿನ ತೀರ್ಪು ಬಿಲ್ಲು ಕೊಡುವವರದ್ದಲ್ಲ ಅಂತ.

ರವಾ ಫ್ರೈ ಅಮ್ಮನಿಗೆ ಆಗದು. "ರವೆಯೊಳಗೆ ಎಂಥ ಮೀನನ್ನೂ ಅಡಗಿಸ್ಬಹುದು" ಅನ್ನುತ್ತಾಳೆ. ತೆಳುವಾಗಿ ಮಸಾಲೆ ಸವರಿ, ತೆಂಗಿನೆಣ್ಣೆಯಲ್ಲಿ ಕಾವಲಿಯ ಮೇಲೆ ಹುರಿದರೆ ಮೀನಿಗೆ ಅಡಗಲು ಜಾಗ ಇಲ್ಲ. ನನಗೆ ಈ ಮಾತು ಈಗೀಗ ಇನ್ನೂ ನಿಜ ಅನ್ನಿಸುತ್ತದೆ. ಎಲ್ಲಿ ಹೋದರೂ ಘೀ ರೋಸ್ಟ್. ಕುಂದಾಪುರದ ಶೆಟ್ಟಿ ಲಂಚ್ ಹೋಮಿನಲ್ಲಿ ಹುಟ್ಟಿದ ಅಡುಗೆ ಅದು. ಬ್ಯಾಡಗಿ ಮೆಣಸನ್ನು ತುಪ್ಪದಲ್ಲಿ ನಿಧಾನವಾಗಿ ಬಾಡಿಸಿ, ಹುಳಿ ಹಿಡಿಸಿ, ಕೋಳಿಯ ಮೈಗೆ ಮೆತ್ತಿಕೊಳ್ಳುವ ಹಾಗೆ ಮಾಡಿದರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಈಗ ಸಿಗಡಿ ಘೀ ರೋಸ್ಟ್, ಬೊಂಡಾಸ್ ಘೀ ರೋಸ್ಟ್, ಪನೀರ್ ಘೀ ರೋಸ್ಟ್, ಅಣಬೆ ಘೀ ರೋಸ್ಟ್. ಕೆಲವು ಕಡೆ ಮಸಾಲೆ ಮೊದಲೇ ಡಬ್ಬದಲ್ಲಿ ಇರುತ್ತದೆ, ಮೇಲಿನಿಂದ ತುಪ್ಪ ಸುರಿದು ಕೊಡುತ್ತಾರೆ. ಒಳಗಿನ ಸಿಗಡಿ ಯಾವ ದಿನದ್ದು ಅಂತ ನಾಲಿಗೆಗೆ ಗೊತ್ತಾಗುವುದೇ ಇಲ್ಲ. ಕಡಲ ಊರಿನಲ್ಲಿ ಕೂತು ಕಡಲಿನ ರುಚಿ ಗೊತ್ತಾಗದ ಹಾಗೆ ತಿನ್ನುವುದು ನನಗೆ ದುಃಖದ ವಿಷಯ.

ಬಾರಿನ ಮೀನು ಯಾಕೆ ಅಷ್ಟು ಚೆನ್ನಾಗಿರುತ್ತದೆ ಅಂತ ಅಪ್ಪನನ್ನು ಕೇಳಿದ್ದೆ. ಅಪ್ಪ ಹೇಳಿದ್ದು ಸರಳ. ಮಧ್ಯಾಹ್ನದ ಊಟದ ಹೋಟೆಲಿನಲ್ಲಿ ಜನ ಅವಸರದಲ್ಲಿ ಬರುತ್ತಾರೆ, ಮೀನು ಒಟ್ಟಿಗೆ ಹುರಿದಿಡಬೇಕು. ಬಾರಿನಲ್ಲಿ ಕೂತವರಿಗೆ ಅವಸರ ಇಲ್ಲ. ಒಂದೊಂದೇ ಪ್ಲೇಟು ಹೇಳುತ್ತಾರೆ. ಹೇಳಿದ ಮೇಲೆ ಹುರಿಯುತ್ತಾರೆ. ಹಾಲಿನಲ್ಲಿ ಕೂತವರು ದಿನಾ ಬರುವ ಗಿರಾಕಿಗಳು. ಒಂದು ದಿನ ಹಳೆಯ ಮೀನು ಕೊಟ್ಟರೆ ಮಾರನೇ ದಿನ ಇಡೀ ಬಂದರಿಗೆ ಸುದ್ದಿ. ನಮ್ಮ ಕ್ಯಾಬಿನಿನ ಆ ಕಡೆ ಕೂತು ಜೋರಾಗಿ ಕ್ರಿಕೆಟ್ ಮಾತಾಡುತ್ತಿದ್ದ ಗಂಡಸರ ನಾಲಿಗೆಗೆ ಹೆದರಿಯೇ ಅಡುಗೆಯವರು ನಮಗೂ ಒಳ್ಳೆಯ ಮೀನು ಕೊಟ್ಟಿರಬೇಕು.

ಆ ಬಾರು ಈಗಲೂ ಇದೆ. ಕ್ಯಾಬಿನುಗಳನ್ನು ತೆಗೆದಿದ್ದಾರೆ. ಎಲ್ಲ ಒಂದೇ ಹಾಲು, ಎಸಿ, ದೊಡ್ಡ ಟಿವಿ. ಕಳೆದ ಸಲ ಹೋದಾಗ ಅಮ್ಮ ಪಕ್ಕದ ಬಾಗಿಲಿನ ಕಡೆ ತಿರುಗಿದಳು. ಅದು ಮುಚ್ಚಿತ್ತು. ಒಂದು ಕ್ಷಣ ನಿಂತು, ಸೆರಗು ಸರಿಮಾಡಿಕೊಂಡು, ಮುಂದಿನ ಬಾಗಿಲಿನಿಂದಲೇ ಒಳಗೆ ನಡೆದಳು. ಹಾಲಿನ ನಡುವಿನ ಟೇಬಲು ಆರಿಸಿದಳು. ಪಕ್ಕದಲ್ಲಿ ಕಾಲೇಜು ಮುಗಿಸಿದ ವಯಸ್ಸಿನ ನಾಲ್ಕು ಹುಡುಗಿಯರು ಬಿಯರು ಹಿಡಿದು ಯಾರದೋ ಹುಟ್ಟುಹಬ್ಬ ಆಚರಿಸುತ್ತಿದ್ದರು. ಅಮ್ಮ ಅವರನ್ನು ಸ್ವಲ್ಪ ಹೊತ್ತು ನೋಡಿ, "ಬರೀ ಫ್ರೆಂಚ್ ಫ್ರೈಸ್ ತಿಂತಿದ್ದಾರಲ್ಲ ಪಾಪ, ಬಂಗುಡೆ ಚೆನ್ನಾಗಿದೆ ಅಂತ ಹೇಳು ಅವ್ರಿಗೆ" ಅಂದಳು. ನಾನು ಹೇಳಿದೆ. ಅವರು ತರಿಸಿದರು. ಆಮೇಲೆ ಇನ್ನೊಂದು ಪ್ಲೇಟೂ ತರಿಸಿದರು. ಡಾಕ್ಟರು ಬೇಡ ಅಂದ ಮೇಲೆ ಬಿಯರು ಬಿಟ್ಟ ಅಪ್ಪ, ಅಮ್ಮನ ಲಿಂಬೆ ಸೋಡಾವನ್ನೇ ಹಂಚಿಕೊಂಡು ಇದನ್ನೆಲ್ಲ ಖುಷಿಯಾಗಿ ನೋಡುತ್ತಿದ್ದರು. ಪರದೆ ಹೋದದ್ದು ನನಗೆ ಒಳ್ಳೆಯದೇ ಅನ್ನಿಸಿತು. ಅಮ್ಮನ ಹೆಬ್ಬೆರಳಿನ ಪರೀಕ್ಷೆಯನ್ನು ಈಗ ಇಡೀ ಹಾಲು ನೋಡಬಹುದು.

ಎಲ್ಲ ಮುಗಿದ ಮೇಲೆ ಐಡಿಯಲ್

ಇದಕ್ಕೆ ಮಾತ್ರ ತಿಂಗಳ ಲೆಕ್ಕ ಇಲ್ಲ. 1975ರಲ್ಲಿ ಪ್ರಭಾಕರ ಕಾಮತರು ಶುರು ಮಾಡಿದ ಐಸ್‌ಕ್ರೀಮಿನ ಅಂಗಡಿ. 2021ರಲ್ಲಿ ಅವರು ತೀರಿಕೊಂಡಾಗ ದೇಶವಿದೇಶದ ಮಂಗಳೂರಿನವರು ತಮ್ಮ ಮನೆಯವರನ್ನೇ ಕಳೆದುಕೊಂಡವರಂತೆ ಬರೆದುಕೊಂಡಿದ್ದರು. ಗಡ್‌ಬಡ್ ಹುಟ್ಟಿದ್ದು ಉಡುಪಿಯ ಡಯಾನಾದಲ್ಲಿ ಅನ್ನುತ್ತಾರೆ. ಅದನ್ನು ಮಂಗಳೂರಿನ ಮನೆಮಾತು ಮಾಡಿದ್ದು ಐಡಿಯಲ್. ಉದ್ದ ಲೋಟ, ಅಡಿಯಲ್ಲಿ ಜೆಲ್ಲಿ, ಹಣ್ಣಿನ ಹೋಳು, ಬೀಜ, ನಡುನಡುವೆ ಬೇರೆ ಬೇರೆ ಐಸ್‌ಕ್ರೀಮು. ಉದ್ದ ಚಮಚ ತಳ ಮುಟ್ಟುವವರೆಗೆ ಇಳಿಸಿ ತಿನ್ನಬೇಕು. ಹೊಟ್ಟೆ ಬಿರಿಯ ಮೀನು ತಿಂದ ರಾತ್ರಿ ಹತ್ತು ಗಂಟೆಗೆ ಐಡಿಯಲ್‌ನವರದ್ದೇ ಪಾರ್ಲರ್ ಪಬ್ಬಾಸ್ ಎದುರು ಟೇಬಲಿಗಾಗಿ ಕಾಯುವುದರಲ್ಲಿ ಊರಿನ ಅರ್ಧ ಪರಿಚಯದವರು ಸಿಕ್ಕಿಬಿಡುತ್ತಾರೆ. ಮಾತು ಮುಗಿಯುವ ಮೊದಲೇ ಟೇಬಲು ಸಿಕ್ಕಿದರೆ ಬೇಸರವಾಗುತ್ತದೆ.

ಗೆಳತಿಗೆ ಈಗ ಹೊಸ ಪಟ್ಟಿ ಕೊಟ್ಟಿದ್ದೇನೆ. ಹೆಸರುಗಳು ಅವೇ. ಪಕ್ಕದಲ್ಲಿ ಗಂಟೆ, ತಿಂಗಳು ಸೇರಿಸಿದ್ದೇನೆ. ಆಗಸ್ಟಿನಲ್ಲಿ ಬೋಟುಗಳು ಇಳಿದು, ನೂಲ ಹುಣ್ಣಿಮೆಯ ಹೊತ್ತಿಗೆ ತಣ್ಣೀರುಬಾವಿಯಲ್ಲಿ ಸಮುದ್ರ ಪೂಜೆ ಆದ ಮೇಲೆ ಹೋಗು ಅಂದೆ. ಹೋಟೆಲಿನಲ್ಲಿ ಕೂತ ಕೂಡಲೇ ಕಾರ್ಡು ತೆರೆಯಬೇಡ, "ಇವತ್ತು ಎಂತ ಮೀನು ಉಂಟು?" ಅಂತ ಕೇಳು. ಉತ್ತರ ಕೊಡುವ ಮೊದಲು ಅವರು ಒಳಗೆ ಹೋಗಿ ನೋಡಿಬಂದರೆ ಆ ಹೋಟೆಲಿನಲ್ಲಿ ಧೈರ್ಯವಾಗಿ ಊಟ ಮಾಡು. ಎಲ್ಲವೂ ಉಂಟು ಅಂದರೆ ಗಂಜಿ ಎಲ್ಲಿ ಸಿಗುತ್ತದೆ ಅಂತ ನನಗೆ ಫೋನ್ ಮಾಡು. ಅವಳು ನನ್ನ ಜೊತೆಗೇ ಬರುತ್ತಾಳಂತೆ. ಅಮ್ಮನಿಗೆ ಹೇಳಿದ್ದೇ ತಡ, ಚಿಕ್ಕಮ್ಮನನ್ನೂ ಸೇರಿಸಿಕೊಂಡಿದ್ದಾಳೆ. ಬಾರಿನಲ್ಲಿ ಆರು ಜನರ ಟೇಬಲು ಇರುವುದು ಒಂದೇ. ಶನಿವಾರ ಏಳಕ್ಕೇ ಹೋಗಿ ಹಿಡಿಯಬೇಕು ಅಂತ ಈಗಲೇ ತಾಕೀತು ಮಾಡಿದ್ದಾಳೆ.